ಮೀಟರಿಲ್ಲದ ಬ್ಯಾಂಡ್‌ವಿಡ್ತ್

ರಾಯಚೂರಿನಿಂದ ದೇವದುರ್ಗಕ್ಕೆ ಹೋಗುವ ಮಾರ್ಗದಲ್ಲಿ ಗಬ್ಬೂರೆಂಬ ಊರು ಸಿಕ್ಕುತ್ತದೆ. ಹಳೆಯ ಗುಡಿಗಳಿಗೂ ಶಾಸನಗಳಿಗೂ ಹೆಸರಾದ ಊರು. ಅಲ್ಲಿ ಪಡಿತರದ ಅಂಗಡಿಯ ಮುಂದಾಗಲಿ, ಪಹಣಿಯ ನಕಲಿಗಾಗಿ ಕಾದವರ ಸಾಲಿನಲ್ಲಾಗಲಿ ಸ್ವಲ್ಪ ಹೊತ್ತು ನಿಂತವರ ಕಿವಿಗೆ ‘ಸರ್ವರ್ ಇಲ್ಲ’ ಎಂಬ ಮಾತು ಬೀಳದೆ ಇರದು. ಮಳೆಯಿಲ್ಲ, ಕರೆಂಟಿಲ್ಲ, ಬಸ್ಸಿಲ್ಲ ಎಂಬ ಹಳೆಯ ಮಾತುಗಳ ಸಾಲಿಗೆ ಇದೂ ಸೇರಿಕೊಂಡು ಹಲವು ವರ್ಷಗಳಾದುವು. ಹಾಗೆ ಹೇಳುವವರಲ್ಲಿ ಹೆಚ್ಚಿನವರು ಸರ್ವರನ್ನು ಕಣ್ಣಿನಿಂದ ಕಂಡವರಲ್ಲ. ಕಾಣಬೇಕಾದ ಅಗತ್ಯವೂ ಅವರಿಗಿಲ್ಲ. ಆದರೂ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಆ ಹೊತ್ತಿನಲ್ಲಿ ಸರ್ವರು ಬಹುಮಟ್ಟಿಗೆ ಇದ್ದೇ ಇರುತ್ತದೆ. ಇಲ್ಲದಿರುವುದು ಅದಕ್ಕೆ ಹೋಗಿ ಬರುವ ದಾರಿಯಲ್ಲಿನ ತೆರವು.

ಈ ದಾರಿಯನ್ನು ಬಾಡಿಗೆಗೆ ಪಡೆಯುವಾಗ ವ್ಯಾಪಾರಿಗಳು ಬಳಸುವ ಒಂದು ಮಾತಿನ ವಿಚಾರವಾಗಿ ನಾವು ಈ ಲೇಖನವನ್ನು ಬರೆಯುತ್ತಿದ್ದೇವೆ. ‘ಅನ್‌ಮೀಟರ್ಡ್ ಬ್ಯಾಂಡ್‌ವಿಡ್ತ್’ ಎಂಬುದು ಆ ಮಾತು. ಅಳತೆಯಿಲ್ಲದ್ದು, ಮೀಟರಿಗೆ ಸಿಕ್ಕದ್ದು ಎಂದು ಅರ್ಥ. ಅಳತೆಯಿಲ್ಲದ್ದೆಂದರೆ ಕೊನೆಯಿಲ್ಲದ್ದು ಎಂದು ತಿಳಿದುಕೊಂಡು ಹಣವನ್ನು ಕಳೆದುಕೊಂಡವರು ಉಂಟು. ಅದರ ಒಳಗುಟ್ಟನ್ನು ಅರಿತು ಲಾಭ ಪಡೆದವರೂ ಉಂಟು. ನಮ್ಮ ಗಮನ ಈ ಕಡೆಗೆ ತಿರುಗಿದುದು ಗಬ್ಬೂರಿನವನೇ ಆದ ನಮ್ಮ ಹಳೆಯ ಶಿಷ್ಯನೊಬ್ಬನ ದೆಸೆಯಿಂದ.

ಈತನೂ ಇವನ ಗೆಳೆಯರೂ 2022ರಲ್ಲಿ ಒಂದು ಕೆಲಸಕ್ಕೆ ಕೈಹಾಕಿದರು. ದೇವದುರ್ಗ, ಮಾನ್ವಿ, ರಾಯಚೂರು ಸೀಮೆಯ ಹಳ್ಳಿಗಳಲ್ಲಿ ಪಿಯುಸಿ ವಿಜ್ಞಾನ ಓದುವ ಮಕ್ಕಳಿಗಾಗಿ ಭೌತಶಾಸ್ತ್ರ, ಗಣಿತಗಳ ಪಾಠಗಳನ್ನು ಕನ್ನಡದಲ್ಲಿ ಚಿತ್ರೀಕರಿಸಿ, ಯಾರು ಬೇಕಾದರೂ ಮೊಬೈಲಿನಲ್ಲಿ ನೋಡುವಂತೆ ಇಡುವುದು. ಅದರ ಜೊತೆಗೆ ಊರಿನ ಗುಡಿಗಳ ಮತ್ತು ಶಾಸನಗಳ ದೊಡ್ಡ ಗಾತ್ರದ ಛಾಯಾಚಿತ್ರಗಳನ್ನೂ ಇಡುವುದು. ಜಾಹೀರಾತು ಬೇಡ, ಶುಲ್ಕ ಬೇಡ ಎಂಬುದು ಅವರ ಹಟ. ಹಣ ಬರುತ್ತಿದ್ದುದು ಹಳೆಯ ವಿದ್ಯಾರ್ಥಿಗಳ ಚಂದಾದಿಂದ. ಟ್ಯೂಷನ್ನಿಗೆ ಹೋಗಲಾರದ ಮಗುವಿಗೆ ಇಂತಹ ಪಾಠವೇ ಎಷ್ಟೋ ಸಲ ಏಕಮಾತ್ರ ಆಸರೆ ಎಂಬುದನ್ನು, ಪದವಿ ತರಗತಿಗೆ ಬಂದ ಅಂತಹ ಮಕ್ಕಳನ್ನು ಕಂಡ ನಾವು ಬಲ್ಲೆವು.

ಮೊದಲ ಸಲ ಅವರು ಬಾಡಿಗೆಗೆ ಹಿಡಿದದ್ದು ಮೀಟರಿರುವ ವ್ಯವಸ್ಥೆ: ತಿಂಗಳಿಗೆ ಇಷ್ಟು ದತ್ತಾಂಶ, ಮೀರಿದರೆ ಮೀರಿದಷ್ಟಕ್ಕೆ ದಂಡ. 2023ರ ಒಂದು ತಿಂಗಳು ಅವರ ಕೈಗೆ ಬಂದ ಬಿಲ್ಲು ಎಂದಿನದರ ಹಲವು ಪಟ್ಟು ಇತ್ತು. ವಿಚಾರಿಸಿ ನೋಡಲಾಗಿ, ಗುಡಿಗಳ ಛಾಯಾಚಿತ್ರಗಳನ್ನು ಮನುಷ್ಯರಲ್ಲ, ಎಲ್ಲಿಯವೋ ಯಂತ್ರಗಳು ಮತ್ತೆ ಮತ್ತೆ ಬಂದು ಹೊತ್ತುಕೊಂಡು ಹೋಗಿದ್ದುವು. ಅಂತರಜಾಲವನ್ನು ಹಗಲಿರುಳು ಜಾಲಾಡುವ ಇಂತಹ ಯಂತ್ರಗಳು ಇತ್ತೀಚೆಗೆ ಬಹಳವಾಗಿವೆ. ಮಕ್ಕಳು ನೋಡಿದ ಪಾಠಕ್ಕೆ ಹಣ ತೆರಬಹುದು, ಯಂತ್ರಗಳು ನೋಡಿದ ನಂದಿಗೆ ತೆರುವುದು ಹೇಗೆ? ಬೇಸತ್ತ ಹುಡುಗರು ಅತಿ ಅಗ್ಗದ ‘ಅನ್‌ಲಿಮಿಟೆಡ್’ ವ್ಯವಸ್ಥೆಯೊಂದಕ್ಕೆ ಹೋದರು. 2024ರ ಮಾರ್ಚಿನಲ್ಲಿ ದ್ವಿತೀಯ ಪಿಯುಸಿಯ ಭೌತಶಾಸ್ತ್ರ ಪರೀಕ್ಷೆಯ ಹಿಂದಿನ ರಾತ್ರಿ, ಪಾಠಗಳು ಯಾರಿಗೆ ಎಲ್ಲಕ್ಕಿಂತ ಹೆಚ್ಚಾಗಿ ಬೇಕಾಗಿದ್ದುವೋ ಅವರ ಮೊಬೈಲುಗಳಲ್ಲಿ ವೃತ್ತವೊಂದು ಗಿರಗಿರನೆ ತಿರುಗುತ್ತಿತ್ತೇ ಹೊರತು ಪಾಠ ತೆರೆಯಲಿಲ್ಲ. ಬಿಲ್ಲು ಮಾತ್ರ, ಮಾತು ಕೊಟ್ಟಿದ್ದಂತೆಯೇ, ಒಂದು ಪೈಸೆಯೂ ಹೆಚ್ಚಾಗಲಿಲ್ಲ.

ಆ ವರ್ಷದ ನವೆಂಬರಿನಲ್ಲಿ ಶಿಷ್ಯನು ಮೂರು ಕಂಪೆನಿಗಳ ದರಪಟ್ಟಿಗಳನ್ನು ಹಿಡಿದು ನಮ್ಮಲ್ಲಿಗೆ ಬಂದನು. ಈ ಸಲ ‘ಡೆಡಿಕೇಟೆಡ್ ಸರ್ವರ್’ ಹಿಡಿಯುವುದೆಂದು ಅವರು ನಿಶ್ಚಯಿಸಿದ್ದರು. “ಯಾವುದನ್ನ ತಗೊಳ್ಳೋಣ ಸರ್?” ಎಂಬುದು ಅವನ ಪ್ರಶ್ನೆ. ಅದಕ್ಕೆ ಉತ್ತರ ಹೇಳಲು ನಮಗೆ ಎರಡು ವಾರ ಹಿಡಿಯಿತು.

ಡೆಡಿಕೇಟೆಡ್ ಸರ್ವರ್ ಎಂದರೆ ಒಬ್ಬನಿಗೇ ಮೀಸಲಾದ ಇಡೀ ಯಂತ್ರ. ಅಗ್ಗದ ವ್ಯವಸ್ಥೆಯಲ್ಲಿ ಒಂದೇ ಯಂತ್ರದೊಳಗೆ ನೂರಾರು ಬಾಡಿಗೆದಾರರಿರುತ್ತಾರೆ. ಮೀಸಲು ಯಂತ್ರದಲ್ಲಿ ನೆರೆಹೊರೆಯ ಕಾಟವಿಲ್ಲ. ಹಾಗಾದರೆ ಅದನ್ನು ಕೊಂಡುತಂದು ಗಬ್ಬೂರಿನ ಮನೆಯಲ್ಲಿಯೇ ಏಕೆ ಇಟ್ಟುಕೊಳ್ಳಬಾರದು? 250 ವಾಟ್ ಎಳೆಯುವ ಯಂತ್ರ ತಿಂಗಳಿಡೀ ಓಡಿದರೆ 180 ಯೂನಿಟ್ ವಿದ್ಯುತ್ತು ಬೇಕು. ಆ ವಿದ್ಯುತ್ತೆಲ್ಲವೂ ಕೊನೆಗೆ ಶಾಖವಾಗಿಯೇ ಹೊರಬೀಳುತ್ತದೆ. ರಾಯಚೂರಿನ ಮೇ ತಿಂಗಳನ್ನು ಕಂಡವರು, ಅಲ್ಲಿ ಆ ಶಾಖವನ್ನು ಹೊರಹಾಕುವ ಕಷ್ಟವನ್ನು ಬೇರೆ ಹೇಳಿಸಿಕೊಳ್ಳಬೇಕಾಗಿಲ್ಲ. ಕರೆಂಟು ಹೋದರೆ ಪಾಠವೂ ಹೋಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಮನೆಗೆ ಬರುವ ಸಂಪರ್ಕವು ಎಳೆದುಕೊಳ್ಳುವುದಕ್ಕೆ ತಕ್ಕುದೇ ಹೊರತು ಸಾವಿರ ಜನರಿಗೆ ಹಂಚುವುದಕ್ಕೆ ತಕ್ಕುದಲ್ಲ. ಆದುದರಿಂದ ತಂಪಾದ ಕಟ್ಟಡ, ಜನರೇಟರು, ದಪ್ಪವಾದ ತಂತು ಇವೆಲ್ಲ ಇರುವ ದತ್ತಾಂಶ ಕೇಂದ್ರದಲ್ಲಿ ಯಂತ್ರವನ್ನು ಬಾಡಿಗೆಗೆ ಹಿಡಿಯುವುದು ರೂಢಿ.

ಇನ್ನು ‘ಬ್ಯಾಂಡ್‌ವಿಡ್ತ್’ ಎಂಬ ಪದ. ಭೌತಶಾಸ್ತ್ರದ ಮೇಷ್ಟರಿಗೆ ಈ ಪದದ ಮೇಲೆ ಒಂದು ಹಳೆಯ ಹಕ್ಕು ಇದೆಯೆಂಬುದನ್ನು ವಾಚಕರು ಮನ್ನಿಸಬೇಕು. ಮೂಲದಲ್ಲಿ ಅದು ರೇಡಿಯೋದವರ ಮಾತು. ಆಕಾಶವಾಣಿಯ ಮಧ್ಯಮ ತರಂಗದ ನಿಲಯಗಳು ಒಂದರಿಂದೊಂದು 9 ಕಿಲೋಹರ್ಟ್ಸ್‌ಗಳ ಲೆಕ್ಕದಲ್ಲಿ ದೂರ ಕುಳಿತಿರುತ್ತವೆ. ಪ್ರತಿಯೊಂದಕ್ಕೂ ದೊರೆತಿರುವ ಆವರ್ತಗಳ ಪಟ್ಟಿಯ ಅಗಲವೇ ಬ್ಯಾಂಡ್‌ವಿಡ್ತ್. ಆ ಅಗಲವೂ, ಸದ್ದಿನ ಗೊಂದಲಕ್ಕಿಂತ ಸಂಕೇತವು ಎಷ್ಟು ಪಟ್ಟು ಬಲವಾಗಿದೆಯೆಂಬುದೂ ಗೊತ್ತಾದರೆ, ಒಂದು ಸೆಕೆಂಡಿಗೆ ಹೆಚ್ಚೆಂದರೆ ಎಷ್ಟು ಬಿಟ್‌ಗಳನ್ನು ತಪ್ಪಿಲ್ಲದೆ ಸಾಗಿಸಬಹುದೆಂದು 1948ರಲ್ಲಿ ಕ್ಲಾಡ್ ಶಾನನ್ ತೋರಿಸಿಕೊಟ್ಟರು. ಅಗಲಕ್ಕೂ ಸಾಗಾಟಕ್ಕೂ ಹೀಗೆ ಗಂಟುಬಿದ್ದುದರಿಂದ, ಕಾಲಕ್ರಮದಲ್ಲಿ ಸಾಗಾಟದ ವೇಗವನ್ನೇ ಜನರು ಬ್ಯಾಂಡ್‌ವಿಡ್ತ್ ಎಂದು ಕರೆಯತೊಡಗಿದರು. ಅಲ್ಲಿಗೂ ನಿಲ್ಲದೆ, ತಿಂಗಳಿನಲ್ಲಿ ಸಾಗಿದ ಒಟ್ಟು ದತ್ತಾಂಶಕ್ಕೂ ವ್ಯಾಪಾರಿಗಳು ಅದೇ ಹೆಸರನ್ನಿಟ್ಟರು. ಎಲ್ಲ ತೊಡಕಿನ ಬೇರು ಇಲ್ಲಿದೆ.

ವೇಗವೊಂದು, ಮೊತ್ತವೊಂದು. ರಾಯಚೂರು ಸೀಮೆಯವರಿಗೆ ಈ ಭೇದವನ್ನು ಕಲಿಸಬೇಕಾಗಿಯೇ ಇಲ್ಲ. ಮಳೆಗಾಲದಲ್ಲಿ ದಿನಪತ್ರಿಕೆಯ ಮುಖಪುಟವೇ ಅದನ್ನು ಕಲಿಸಿರುತ್ತದೆ. ಜಲಾಶಯದಲ್ಲಿ ಇಷ್ಟು ಟಿಎಂಸಿ ನೀರಿದೆ ಎನ್ನುವಾಗ ಮೊತ್ತವನ್ನು ಹೇಳಿದಂತಾಯಿತು. ಕಾಲುವೆಗೆ ಇಷ್ಟು ಕ್ಯೂಸೆಕ್ಸ್ ಬಿಟ್ಟಿದ್ದಾರೆ ಎನ್ನುವಾಗ ವೇಗವನ್ನು ಹೇಳಿದಂತಾಯಿತು. ಸುಮಾರು 11,574 ಕ್ಯೂಸೆಕ್ಸ್ ನೀರು ಒಂದು ದಿನವೆಲ್ಲ ಹರಿದರೆ ಒಂದು ಟಿಎಂಸಿ ಆಗುತ್ತದೆ. ಅಂತೆಯೇ ಸೆಕೆಂಡಿಗೆ ಇಷ್ಟು ಮೆಗಾಬಿಟ್ ಎಂಬುದು ಕ್ಯೂಸೆಕ್ಸಿನ ಮಾತು. ತಿಂಗಳಿಗೆ ಇಷ್ಟು ಟೆರಾಬೈಟ್ ಎಂಬುದು ಟಿಎಂಸಿಯ ಮಾತು. ಎಂಟು ಬಿಟ್ ಸೇರಿದರೆ ಒಂದು ಬೈಟ್ ಎಂಬುದನ್ನಷ್ಟೇ ಮರೆಯಬಾರದು. ಸೆಕೆಂಡಿಗೆ 100 ಮೆಗಾಬಿಟ್ ಎಂದರೆ 12.5 ಮೆಗಾಬೈಟ್, ದಿನವೆಲ್ಲ ಬಿಡದೆ ಹರಿದರೆ 1.08 ಟೆರಾಬೈಟ್, ಮೂವತ್ತು ದಿನಗಳಿಗೆ 32.4 ಟೆರಾಬೈಟ್.

ಈ ಕೊನೆಯ ಅಂಕಿಯಲ್ಲಿಯೇ ‘ಮೀಟರಿಲ್ಲ’ ಎಂಬ ಮಾತಿನ ಅರ್ಧ ಅರ್ಥ ಅಡಗಿದೆ. 100 ಮೆಗಾಬಿಟ್‌ನ ದ್ವಾರವನ್ನು ಕೊಟ್ಟು, ಎಷ್ಟು ಬೇಕಾದರೂ ಬಳಸು ಎಂದು ಕಂಪೆನಿಯು ಹೇಳಿದಾಗ, ಅದು ಕೊಟ್ಟಿರುವ ಮಾತಿನ ಮೇರೆ 32.4 ಟೆರಾಬೈಟ್ ಮಾತ್ರ. ಅದಕ್ಕಿಂತ ಹೆಚ್ಚು ಆ ದ್ವಾರದಲ್ಲಿ ನುಸುಳುವುದು ಸಾಧ್ಯವೇ ಇಲ್ಲ. ಮೀಟರನ್ನು ತೆಗೆದುಹಾಕಿ ಕೊಳವೆಯ ಬಾಯಿಯನ್ನು ಕಿರಿದು ಮಾಡಿದರೆ ಮೀಟರಿನ ಕೆಲಸವನ್ನು ಕೊಳವೆಯೇ ಮಾಡುತ್ತದೆ. ಕರ್ನಾಟಕದಲ್ಲಿ 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಸೆಟ್ಟುಗಳಿಗೆ ವಿದ್ಯುತ್ತು ಉಚಿತ. ಆದರೆ ಪಂಪಿನ ಅಶ್ವಶಕ್ತಿ ಒಂದು ಮಿತಿ, ಮೂರು ಫೇಸಿನ ವಿದ್ಯುತ್ತು ಬರುವ ಗಂಟೆಗಳು ಇನ್ನೊಂದು ಮಿತಿ. ಅಳತೆಯಿಲ್ಲದ ವಿದ್ಯುತ್ತು ಅಲ್ಲಿಯೂ ಎರಡು ಬೇಲಿಗಳ ನಡುವೆಯೇ ಇದೆ.

ಮೀಟರು ಹಾಕುವುದರಲ್ಲಿಯೂ ಬಗೆಗಳುಂಟು. ಒಟ್ಟು ಮೊತ್ತವನ್ನು ಎಣಿಸುವುದು ಒಂದು ಬಗೆ. ಇನ್ನೊಂದು ಬಗೆ ಸ್ವಾರಸ್ಯವಾದುದು. ದೊಡ್ಡ ಗಿರಾಕಿಗಳಲ್ಲಿ ಅದು ಬಹಳ ಬಳಕೆಯಲ್ಲಿದೆ. ಐದೈದು ನಿಮಿಷಗಳಿಗೊಮ್ಮೆ ಹರಿವಿನ ವೇಗವನ್ನು ಗುರುತು ಹಾಕಿಕೊಳ್ಳುತ್ತಾರೆ. ಮೂವತ್ತು ದಿನಗಳಿಗೆ 8,640 ಗುರುತುಗಳಾಗುತ್ತವೆ. ಅವುಗಳನ್ನು ಏರಿಳಿತದ ಕ್ರಮದಲ್ಲಿ ಜೋಡಿಸಿ, ಎಲ್ಲಕ್ಕಿಂತ ಮೇಲಿನ ನೂರಕ್ಕೆ ಐದನ್ನು, ಎಂದರೆ 432 ಗುರುತುಗಳನ್ನು, ಕಿತ್ತುಹಾಕಿ, ಉಳಿದವುಗಳಲ್ಲಿ ಅತಿ ದೊಡ್ಡದಕ್ಕೆ ದರ ಕಟ್ಟುತ್ತಾರೆ. 432 ಗುರುತುಗಳೆಂದರೆ 36 ಗಂಟೆಗಳು. ತಿಂಗಳಿನಲ್ಲಿ 36 ಗಂಟೆಗಳ ಕಾಲ ನೀವು ಎಷ್ಟು ರಭಸದಿಂದ ಹರಿಸಿದರೂ ಅದಕ್ಕೆ ಹಣವಿಲ್ಲ. ಮೂವತ್ತೇಳನೆಯ ಗಂಟೆಗೆ ಇಡೀ ಬಿಲ್ಲು ಮೇಲಕ್ಕೆ ಹಾರುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿಗಳಲ್ಲಿ ಮಾತ್ರ ಉಕ್ಕುವ ನಮ್ಮ ಹುಡುಗರ ಪಾಠಗಳಿಗೆ ಇದಕ್ಕಿಂತ ಒಪ್ಪುವ ವ್ಯವಸ್ಥೆ ಬೇರೊಂದಿರಲಿಲ್ಲ: ನಾಲ್ಕು ಗಂಟೆಗಳ ಒಂಬತ್ತು ರಾತ್ರಿಗಳು ಬಿಟ್ಟಿಯಾಗಿ ದೊರೆಯುತ್ತಿದ್ದುವು. ಆದರೆ ಅವರಂತಹ ಸಣ್ಣ ಗಿರಾಕಿಗಳ ಮುಂದೆ ಅದನ್ನು ಯಾರೂ ತಂದಿಡಲಿಲ್ಲ.

ಈಗ ಮಾತಿನ ಉಳಿದರ್ಧಕ್ಕೆ ಬರೋಣ. ಅದನ್ನು ನಮಗೆ ತಿಳಿಯಹೇಳಿದವರು ಗಬ್ಬೂರಿನಲ್ಲಿ ನಮ್ಮ ಶಿಷ್ಯನ ತಂದೆಯವರು. ದರಪಟ್ಟಿಗಳನ್ನು ಹರಡಿಕೊಂಡು ಅವರ ಮನೆಯ ಕಟ್ಟೆಯ ಮೇಲೆ ನಾವು ಕುಳಿತಿದ್ದಾಗ, ರೊಟ್ಟಿಯ ತಟ್ಟೆಯನ್ನು ಮುಂದಿಟ್ಟು, ಮಗನಿಂದ ವಿಷಯವನ್ನೆಲ್ಲ ಕೇಳಿಸಿಕೊಂಡು ಅವರೆಂದರು:

“ಎಕರೆ ಲೆಕ್ಕದಾಗ ಕರ ಕಟ್ತೀವಿ ಸರ್. ನಮ್ಮ ನೀರಿಗೂ ಮೀಟರ್ ಯಾರೂ ಹಾಕಿಲ್ಲ. ಆದ್ರ ಮೇಲಿನವ್ರೆಲ್ಲಾ ಗೇಟು ತೆಗೆದಾಗ ನಮ್ಮ ಕಾಲುವಿಗೆ ಎಷ್ಟು ಬರ್ತದ ಅಂತ ಯಾರು ಬರದು ಕೊಟ್ಟಾರ? ಅದನ್ನ ಕೇಳು ತಮ್ಮಾ, ಮೊದ್ಲು.”

ದೇವದುರ್ಗದ ಕಡೆಗೆ ಕೃಷ್ಣೆಯ ನೀರು ನಾರಾಯಣಪುರ ಬಲದಂಡೆ ಕಾಲುವೆಯಲ್ಲಿ ಬರುತ್ತದೆ. ಮಾನ್ವಿಯ ಕಡೆಗೆ ತುಂಗಭದ್ರೆಯ ಎಡದಂಡೆ ಕಾಲುವೆಯಲ್ಲಿ. ಈ ಎರಡನೆಯದು ಮುನಿರಾಬಾದಿನಿಂದ ಹೊರಟು 227 ಕಿಲೋಮೀಟರು ಹರಿಯುವ ದೊಡ್ಡ ಕಾಲುವೆ. ಅದನ್ನು ಯೋಜಿಸಿದವರು ಜೋಳ, ಹತ್ತಿ ಮೊದಲಾದ ಅಲ್ಪ ನೀರಿನ ಬೆಳೆಗಳನ್ನು ಮನಸ್ಸಿನಲ್ಲಿಟ್ಟು, ಇದ್ದ ನೀರನ್ನು ಬಹಳ ಎಕರೆಗಳಿಗೆ ತೆಳುವಾಗಿ ಹರಡಿದರು. ಎಲ್ಲರೂ ಒಮ್ಮೆಗೇ ಹೆಚ್ಚು ನೀರು ಬೇಡಲಾರರೆಂಬುದು ಅವರ ಎಣಿಕೆ. ಮೇಲ್ಭಾಗದವರು ಭತ್ತ ಹಾಕಿದರು. ಎಣಿಕೆ ತಪ್ಪಿತು. ನೀರಿಗೆ ತೆರಿಗೆ ಬೆಳೆಯ ಮತ್ತು ಎಕರೆಯ ಮೇಲೆ ಬೀಳುತ್ತದೆಯೇ ಹೊರತು ಹರಿದ ಘನ ಅಡಿಗಳ ಮೇಲೆ ಅಲ್ಲವಾದುದರಿಂದ, ತೂಬನ್ನು ಮುಚ್ಚಿ ಉಳಿಸುವುದರಲ್ಲಿ ಮೇಲ್ಭಾಗದವರಿಗೆ ಲಾಭವೂ ಇರಲಿಲ್ಲ. ಮಾನ್ವಿ, ರಾಯಚೂರು ತಾಲ್ಲೂಕುಗಳ ಕೊನೆಭಾಗದ ರೈತರು ನೀರಿಗಾಗಿ ರಸ್ತೆಗಿಳಿಯುವುದು ಆ ಕಾಲುವೆಯ ಚರಿತ್ರೆಯಲ್ಲಿ ಮತ್ತೆ ಮತ್ತೆ ಬರುವ ಅಧ್ಯಾಯ.

ದತ್ತಾಂಶ ಕೇಂದ್ರದೊಳಗಿನ ಕಾಲುವೆಯೂ ಇದೇ ತೆರನಾದುದು. ಒಂದು ಕಪಾಟಿನಲ್ಲಿ 48 ಸರ್ವರುಗಳಿವೆಯೆಂದೂ, ಪ್ರತಿಯೊಂದಕ್ಕೂ ಸೆಕೆಂಡಿಗೆ 1 ಗಿಗಾಬಿಟ್‌ನ ದ್ವಾರವಿದೆಯೆಂದೂ, ಅವೆಲ್ಲವೂ ಸೇರಿ ಹೊರಗೆ ಹೋಗುವ ದೊಡ್ಡ ದಾರಿ 10 ಗಿಗಾಬಿಟ್‌ನದೆಂದೂ ಇಟ್ಟುಕೊಳ್ಳೋಣ. ಮಾರಿದ್ದು 48, ಇರುವುದು 10. ಎಲ್ಲರೂ ಒಮ್ಮೆಗೇ ಎಳೆದರೆ ಒಬ್ಬೊಬ್ಬರಿಗೆ ದೊರೆಯುವುದು 208 ಮೆಗಾಬಿಟ್ ಮಾತ್ರ. ಇದನ್ನು ಮೋಸವೆಂದು ಕರೆಯಲು ನಾವು ಸಿದ್ಧರಿಲ್ಲ. ಎಲ್ಲರೂ ಒಮ್ಮೆಗೇ ಎಳೆಯುವುದು ಅಪರೂಪ. ಈ ಹಂಚಿಕೆಯಿಲ್ಲದಿದ್ದರೆ ಬಾಡಿಗೆಯನ್ನು ಸಾಮಾನ್ಯರು ತೆರಲಾಗುತ್ತಿರಲಿಲ್ಲ. ಆದರೆ ಮೀಟರಿರುವ ಕಡೆ ಗಿರಾಕಿಯು ಕೈ ಬಿಗಿಹಿಡಿದು ಬಳಸುತ್ತಾನೆ. ಮೀಟರಿಲ್ಲದ ಕಡೆ ಅವನ ಕೈ ಸಡಿಲವಾಗುತ್ತದೆ. ಅದಕ್ಕಾಗಿಯೇ, ಮೀಟರಿಲ್ಲದ ಅಗ್ಗದ ವ್ಯವಸ್ಥೆಗಳನ್ನು ಹುಡುಕಿಕೊಂಡು ಹೋಗುವವರಲ್ಲಿ ಹೆಚ್ಚಾಗಿ ಹರಿಸುವವರೇ ಬಹಳ. ಕೆರೆಯ ಒಂದೇ ತೂಬಿನ ಕೆಳಗೆ ಭತ್ತದವರೆಲ್ಲ ಬಂದು ನೆಲಸಿದಂತೆ.

ದಾರಿ ತುಂಬುತ್ತ ಬಂದಂತೆ ಏನಾಗುತ್ತದೆಂಬುದನ್ನು ಸ್ವಲ್ಪ ಗಣಿತದಿಂದ ನೋಡಬೇಕು. 1909ರಲ್ಲಿ ಡೆನ್ಮಾರ್ಕಿನ ಏರ್ಲಾಂಗ್ ಎಂಬ ಗಣಿತಜ್ಞರು ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪೆನಿಯಲ್ಲಿದ್ದುಕೊಂಡು, ಕರೆಗಳು ಹೇಗೆ ಬಂದು ಸೇರುತ್ತವೆಂಬುದನ್ನು ಕುರಿತು ಮೊದಲ ಪ್ರಬಂಧವನ್ನು ಬರೆದರು. ಅಲ್ಲಿಂದ ಬೆಳೆದ ಸರತಿ ಸಾಲಿನ ಶಾಸ್ತ್ರವು ಅಂತರಜಾಲಕ್ಕೂ ಸಲ್ಲುತ್ತದೆ. ಅದರ ಅತಿ ಸರಳವಾದ ಮಾದರಿಯಲ್ಲಿ, ದಾರಿಯ ಅರ್ಧ ಭಾಗ ತುಂಬಿದ್ದರೆ ಒಂದು ಪೊಟ್ಟಣವು ದಾಟಲು ಬರಿದಾರಿಯಲ್ಲಿ ಹಿಡಿಯುವ ಕಾಲದ ಎರಡರಷ್ಟು ಹಿಡಿಯುತ್ತದೆ. ನೂರಕ್ಕೆ ಎಂಬತ್ತು ತುಂಬಿದ್ದರೆ ಐದರಷ್ಟು; ತೊಂಬತ್ತಾದರೆ ಹತ್ತರಷ್ಟು; ತೊಂಬತ್ತೈದಾದರೆ ಇಪ್ಪತ್ತರಷ್ಟು. ಎಂಬತ್ತರಿಂದ ತೊಂಬತ್ತೈದಕ್ಕೆ ಏರಿದುದು ಹದಿನೈದೇ. ಕಾಯುವ ಕಾಲ ಮಾತ್ರ ನಾಲ್ಕು ಪಟ್ಟಾಯಿತು. ಸಂತೆಯ ದಿನದ ಬಸ್ಸಿನ ಅನುಭವವುಳ್ಳವರಿಗೆ ಇದು ಹೊಸದಲ್ಲ: ಕೊನೆಯ ಐದು ಮಂದಿ ಹತ್ತುವುದಕ್ಕೆ, ಮೊದಲ ಐವತ್ತು ಮಂದಿ ಹತ್ತಿದುದಕ್ಕಿಂತ ಹೆಚ್ಚು ಹೊತ್ತು ಬೇಕಾಗುತ್ತದೆ.

ತುಂಬಿದ ದಾರಿಯ ದುರವಸ್ಥೆಗೆ ಒಂದು ಪ್ರಸಿದ್ಧವಾದ ನಿದರ್ಶನವಿದೆ. 1986ರ ಅಕ್ಟೋಬರಿನಲ್ಲಿ ಅಮೆರಿಕದ ಲಾರೆನ್ಸ್ ಬರ್ಕಲಿ ಪ್ರಯೋಗಾಲಯಕ್ಕೂ ಬರ್ಕಲಿಯ ವಿಶ್ವವಿದ್ಯಾನಿಲಯಕ್ಕೂ ನಡುವಣ ಸಂಪರ್ಕದ ವೇಗವು ಸೆಕೆಂಡಿಗೆ 32,000 ಬಿಟ್‌ಗಳಿಂದ 40 ಬಿಟ್‌ಗಳಿಗೆ ಕುಸಿಯಿತು. ಎರಡಕ್ಕೂ ನಡುವಣ ದೂರ 400 ಗಜ. ಕಾಗದವನ್ನು ಕೈಯಲ್ಲಿ ಹಿಡಿದು ನಡೆದುಹೋದರೂ ಬೇಗ ಮುಟ್ಟಬಹುದಾಗಿತ್ತು. ದಾರಿ ತುಂಬಿದಾಗ ಪೊಟ್ಟಣಗಳು ಬಿದ್ದುಹೋಗುತ್ತವೆ. ಬಿದ್ದುದನ್ನು ಕಳುಹಿಸಿದವರು ಮತ್ತೆ ಕಳುಹಿಸುತ್ತಾರೆ. ಅದರಿಂದ ದಾರಿ ಇನ್ನಷ್ಟು ತುಂಬುತ್ತದೆ. ಪೊಟ್ಟಣ ಬಿದ್ದುದು ಕಂಡೊಡನೆ ಕಳುಹಿಸುವ ವೇಗವನ್ನು ತಗ್ಗಿಸಬೇಕೆಂಬ ವಿಧಾನವನ್ನು ವ್ಯಾನ್ ಜೇಕಬ್‌ಸನ್ 1988ರಲ್ಲಿ ಪ್ರಕಟಿಸಿದರು. ಇಂದಿಗೂ ಅಂತರಜಾಲವು ಕುಸಿಯದೆ ನಿಂತಿರುವುದು ಬಹುಮಟ್ಟಿಗೆ ಅಂತಹ ಸಂಯಮದ ಬಲದಿಂದ. ಇಲ್ಲಿ ಮೊಬೈಲು ಹಿಡಿದ ಹುಡುಗನೂ ವೃತ್ತ ತಿರುಗುವುದನ್ನು ನೋಡಿ ಬೇಸತ್ತು ಪುಟವನ್ನು ಮತ್ತೆ ಮತ್ತೆ ತೆರೆಯುತ್ತಾನೆ. ಯಂತ್ರಕ್ಕೆ ಕಲಿಸಿದ ಸಂಯಮವನ್ನು ಅವನಿಗೆ ಕಲಿಸಿದವರಿಲ್ಲ; ಪರೀಕ್ಷೆಯ ಹಿಂದಿನ ರಾತ್ರಿ ಕಲಿಸುವಂತೆಯೂ ಇಲ್ಲ.

ತಂದೆಯವರ ಪ್ರಶ್ನೆಯನ್ನು ಹಿಡಿದುಕೊಂಡು ನಾವು ಮೂರು ದರಪಟ್ಟಿಗಳನ್ನು ಮತ್ತೆ ಓದಿದೆವು. ಮೊದಲನೆಯದು 1 ಗಿಗಾಬಿಟ್‌ನ ದ್ವಾರ, ತಿಂಗಳಿಗೆ 10 ಟೆರಾಬೈಟ್ ಮಿತಿ. ಮೂರರಲ್ಲಿ ಅದೇ ದುಬಾರಿ. ಎರಡನೆಯದು 100 ಮೆಗಾಬಿಟ್‌ನ ದ್ವಾರ, ಮೀಟರಿಲ್ಲ. ಮೂರನೆಯದು 1 ಗಿಗಾಬಿಟ್‌ನ ದ್ವಾರ, ಮೀಟರಿಲ್ಲ, ಎಲ್ಲಕ್ಕಿಂತ ಅಗ್ಗ, ಯಂತ್ರವಿರುವುದು ಯೂರೋಪಿನಲ್ಲಿ. ಹುಡುಗರ ಮನಸ್ಸೆಲ್ಲ ಈ ಮೂರನೆಯದರ ಮೇಲೆಯೇ ಇತ್ತೆಂದು ಬೇರೆ ಹೇಳಬೇಕಾಗಿಲ್ಲ.

ಅದರ ಕರಾರಿನ ಕೊನೆಯ ಪುಟಗಳಲ್ಲಿ ‘ನ್ಯಾಯಯುತ ಬಳಕೆ’ ಎಂಬ ಒಂದು ಕಂಡಿಕೆ ಇತ್ತು. ದ್ವಾರವನ್ನು ಇತರರೊಡನೆ ಹಂಚಿಕೊಳ್ಳಬೇಕು. ಒಬ್ಬನ ಬಳಕೆಯು ಇತರರಿಗೆ ತೊಂದರೆಯಾಗುವಷ್ಟಾದರೆ ವೇಗವನ್ನು ತಗ್ಗಿಸುವ ಅಧಿಕಾರ ಕಂಪೆನಿಗುಂಟು. ಎಷ್ಟಾದರೆ ತೊಂದರೆ, ಎಷ್ಟಕ್ಕೆ ತಗ್ಗಿಸುತ್ತಾರೆ ಎಂಬುದಕ್ಕೆ ಅಂಕಿಯೇ ಇರಲಿಲ್ಲ. ಅಂಕಿಯಿಲ್ಲದ ಕಂಡಿಕೆಯನ್ನು ನಾವು ಭೌತಶಾಸ್ತ್ರದಲ್ಲಿ ಒಪ್ಪುವುದಿಲ್ಲ. ಬಾಡಿಗೆಯ ಕರಾರಿನಲ್ಲಿ ಏಕೆ ಒಪ್ಪಬೇಕು? ನಾವು ಪತ್ರ ಬರೆದು ಕೇಳಿದೆವು. ಬಂದ ಉತ್ತರವು ಬಹಳ ಸೌಜನ್ಯದಿಂದ ಕೂಡಿತ್ತು. ಅದರಲ್ಲಿಯೂ ಅಂಕಿ ಇರಲಿಲ್ಲ.

ದೂರದ ವಿಚಾರವೂ ಇದೆ. ಗಾಜಿನ ತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು ಚಲಿಸುತ್ತದೆ; ಶೂನ್ಯದಲ್ಲಿನ ವೇಗದ ಮೂರನೆಯ ಎರಡು ಪಾಲು. ರಾಯಚೂರಿಗೂ ಬೆಂಗಳೂರಿಗೂ ಇರುವ ಸುಮಾರು 400 ಕಿಲೋಮೀಟರಿನ ದೂರವನ್ನು ಅದು ಹೋಗಿಬರಲು ಒಂದು ಸೆಕೆಂಡಿನ ಸಾವಿರದ ನಾಲ್ಕು ಪಾಲು ಸಾಕು. ಯೂರೋಪಿಗೆ ನೇರವಾಗಿ ಎಳೆದ ತಂತಿದ್ದರೂ ಹೋಗಿಬರಲು ಸಾವಿರದ ಎಪ್ಪತ್ತೈದು ಪಾಲು ಬೇಕು. ಸಮುದ್ರದ ತಳದಲ್ಲಿ ಸುತ್ತಿಬಳಸಿ, ನಡುವೆ ಅನೇಕ ಕೇಂದ್ರಗಳನ್ನು ಹಾಯ್ದು ಬರುವಾಗ ಅದು ನೂರೈವತ್ತು ಪಾಲಾಗುವುದುಂಟು. ಕಳುಹಿಸುವವನು ಒಂದು ಕಂತನ್ನು ಕಳುಹಿಸಿ, ಮುಟ್ಟಿತೆಂಬ ಸುದ್ದಿ ಬರುವವರೆಗೆ ಕಾಯಬೇಕು. ಹಳೆಯ ಪದ್ಧತಿಯಲ್ಲಿ ಒಂದು ಕಂತು ಹೆಚ್ಚೆಂದರೆ 65,535 ಬೈಟ್. ಸಾವಿರದ ನೂರೈವತ್ತು ಪಾಲಿಗೊಂದು ಕಂತಾದರೆ, ದ್ವಾರವು ಎಷ್ಟೇ ಅಗಲವಾಗಿದ್ದರೂ ಒಬ್ಬ ನೋಡುಗನಿಗೆ ಸೆಕೆಂಡಿಗೆ ಸುಮಾರು 3.5 ಮೆಗಾಬಿಟ್‌ಗಿಂತ ಹೆಚ್ಚು ಮುಟ್ಟಲಾರದು. 1992ರಲ್ಲಿ ಈ ಕಂತನ್ನು ಹಿಗ್ಗಿಸುವ ಏರ್ಪಾಡಾಯಿತಾದುದರಿಂದ ಇಂದು ಇದು ಅಷ್ಟು ಕಟುವಾದ ಮಿತಿಯಲ್ಲ. ಆದರೂ ದೂರದ ದಾರಿಯಲ್ಲಿ ಒಂದು ಪೊಟ್ಟಣ ಬಿದ್ದರೆ ಚೇತರಿಸಿಕೊಳ್ಳಲು ಹೆಚ್ಚು ಕಾಲ ಬೇಕೆಂಬುದು ಹಾಗೆಯೇ ಉಳಿದಿದೆ. ಮಾನ್ವಿಯ ಮಗುವಿಗೆ ಪಾಠವನ್ನು ಯೂರೋಪಿನಿಂದ ಹೇಳಿಸಬೇಕಾದ ಕಾರಣ ನಮಗೆ ಕಾಣಲಿಲ್ಲ.

ಮೂರನೆಯದು ಹೀಗೆ ಬಿಟ್ಟುಹೋಯಿತು. ಉಳಿದ ಎರಡರಲ್ಲಿ ಯಾವುದು? ಇಲ್ಲಿ ಲೆಕ್ಕ ಹಾಕದೆ ಗತ್ಯಂತರವಿಲ್ಲ. ನಲವತ್ತು ನಿಮಿಷಗಳ ಒಂದು ಪಾಠ, ಸೆಕೆಂಡಿಗೆ 1 ಮೆಗಾಬಿಟ್‌ನಂತೆ, 300 ಮೆಗಾಬೈಟ್ ಆಗುತ್ತದೆ. ಎರಡು ಸಾವಿರ ಮಕ್ಕಳು ತಿಂಗಳಿಗೆ ಹತ್ತು ಪಾಠಗಳಂತೆ ನೋಡಿದರೆ 6 ಟೆರಾಬೈಟ್. 10 ಟೆರಾಬೈಟಿನ ಮಿತಿಯೊಳಗೇ ಇದೆ. ತಿಂಗಳಿಗೆಲ್ಲ ಸಮನಾಗಿ ಹಂಚಿದರೆ ಸೆಕೆಂಡಿಗೆ 18.5 ಮೆಗಾಬಿಟ್, 100 ಮೆಗಾಬಿಟ್‌ನ ದ್ವಾರಕ್ಕೆ ಐದನೆಯ ಒಂದು ಭಾಗವೂ ಆಗದು. ಸರಾಸರಿಯ ಲೆಕ್ಕದಲ್ಲಿ ಎರಡೂ ಧಾರಾಳ. ಆದರೆ ಸರಾಸರಿ ಮಳೆಯಿಂದ ಬೆಳೆ ಬರುವುದಿಲ್ಲವೆಂಬುದನ್ನು ನಮ್ಮ ಸೀಮೆ ಬಲ್ಲುದು. ಪರೀಕ್ಷೆಯ ಹಿಂದಿನ ರಾತ್ರಿ ನಾನೂರು ಮಕ್ಕಳು ಒಮ್ಮೆಗೇ ಪಾಠವನ್ನು ತೆರೆದರೆ 400 ಮೆಗಾಬಿಟ್ ಬೇಕು. ಮೀಟರಿಲ್ಲದ 100 ಮೆಗಾಬಿಟ್ ಅಲ್ಲಿ ಕಾಲುಭಾಗಕ್ಕೆ ಕೈಯೆತ್ತುತ್ತದೆ. ಮೀಟರಿರುವ 1 ಗಿಗಾಬಿಟ್ ಅದನ್ನು ನಿರಾಯಾಸವಾಗಿ ಹೊರುತ್ತದೆ.

ಎಂದಮೇಲೆ ಮೀಟರಿರುವುದನ್ನೇ ಹಿಡಿಯುವುದು ನ್ಯಾಯವೆಂದು ತೋರಿತು. ಆದರೆ ಹುಡುಗರು ಹಿಂದಿನ ಬಿಲ್ಲನ್ನು ಮರೆತಿರಲಿಲ್ಲ. ಅವರ ಭಯವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಅಲೆದಾಡುವ ಯಂತ್ರಗಳಿರಲಿ, ಕೇಡಿಗರು ಬೇಕೆಂದೇ ಸುಳ್ಳು ಕೋರಿಕೆಗಳನ್ನು ಪ್ರವಾಹದಂತೆ ಹರಿಸಿ ಸರ್ವರನ್ನು ಮುಳುಗಿಸುವುದೂ ಉಂಟು. ಮೀಟರಿದ್ದರೆ ಆ ಪ್ರವಾಹಕ್ಕೆ ಕೊಡುವ ಉತ್ತರಗಳೂ ಲೆಕ್ಕಕ್ಕೆ ಸೇರಿಕೊಳ್ಳುತ್ತವೆ. ಮೀಟರಿಲ್ಲದ ವ್ಯವಸ್ಥೆಯ ನಿಜವಾದ ಗುಣ ಇಲ್ಲಿದೆ: ತಿಂಗಳ ಖರ್ಚು ತಿಂಗಳು ಹುಟ್ಟುವ ಮೊದಲೇ ಗೊತ್ತಿರುತ್ತದೆ. ಚಂದಾ ಎತ್ತಿ ನಡೆಸುವ ಕೆಲಸಕ್ಕೆ ಇದು ಸಣ್ಣ ವಿಷಯವಲ್ಲ. ಹಗಲಿರುಳು ಒಂದೇ ಸಮನೆ ದತ್ತಾಂಶ ಹರಿಸುವವರಿಗಂತೂ, ಉದಾಹರಣೆಗೆ ಉಚಿತ ತಂತ್ರಾಂಶಗಳ ಪ್ರತಿಗಳನ್ನು ಲೋಕಕ್ಕೆಲ್ಲ ಹಂಚುವ ಸಂಸ್ಥೆಗಳಿಗೆ, ಮೀಟರಿಲ್ಲದುದೇ ಸರಿ; ಅವರು 32.4ರಲ್ಲಿ 25 ಟೆರಾಬೈಟನ್ನಾದರೂ ಹಿಂಡಿಕೊಳ್ಳುತ್ತಾರೆ.

ಬೇಡಿಕೆಯನ್ನು ತಗ್ಗಿಸಲು ಬರುತ್ತದೆಯೇ ಎಂದು ಕೊನೆಗೆ ನೋಡಿದೆವು, ಮೊದಲೇ ನೋಡಬೇಕಾಗಿತ್ತು. ಪಾಠದ ಚಿತ್ರದಲ್ಲಿ ಇರುವುದೇನು? ಒಂದು ಕರಿಹಲಗೆ, ಒಂದು ಕೈ, ಒಂದು ಧ್ವನಿ. ಹಲಗೆಯ ಮೇಲಿನ ಬರಹ ಸೆಕೆಂಡಿಗೆ ಇಪ್ಪತ್ತೈದು ಬಾರಿ ಬದಲಾಗುವುದಿಲ್ಲ. ಚಿತ್ರಗಳ ಸಂಖ್ಯೆಯನ್ನು ಸೆಕೆಂಡಿಗೆ ಐದಕ್ಕಿಳಿಸಿ, ಧ್ವನಿಯನ್ನು ಮಾತ್ರ ಸ್ಪಷ್ಟವಾಗಿ ಉಳಿಸಿಕೊಂಡಾಗ ಒಂದು ಪಾಠಕ್ಕೆ ಸೆಕೆಂಡಿಗೆ 150 ಕಿಲೋಬಿಟ್ ಸಾಕಾಯಿತು. ಮೇಷ್ಟರ ಮುಖ ಸ್ವಲ್ಪ ಮಸುಕಾಯಿತು. ನ್ಯೂಟನ್ನನ ನಿಯಮಗಳಿಗೆ ಅದರಿಂದ ಯಾವ ಹಾನಿಯೂ ಆಗಲಿಲ್ಲ. ಈಗ ನಾನೂರು ಮಕ್ಕಳಿಗೆ ಬೇಕಾದುದು 60 ಮೆಗಾಬಿಟ್. ಛಾಯಾಚಿತ್ರಗಳ ಮಾರ್ಗಕ್ಕೆ ಹಗಲೂ ಸಂಜೆಯೂ 20 ಮೆಗಾಬಿಟ್‌ಗಿಂತ ಹೆಚ್ಚು ಹರಿಯದಂತೆ ಒಂದು ತೂಬು ಹಾಕಿದೆವು; ಸರ್ವರಿನ ತಂತ್ರಾಂಶದಲ್ಲಿಯೇ ಅದಕ್ಕೆ ಅವಕಾಶವುಂಟು. ಒಟ್ಟು 80. ಏರ್ಲಾಂಗರ ಶಾಸ್ತ್ರದ ಪ್ರಕಾರ ಅದು ಸಹಿಸಬಹುದಾದ ಕೊನೆಯ ಮೆಟ್ಟಿಲು.

ಎರಡನೆಯ ದರಪಟ್ಟಿಯವರಿಗೆ ನಾವು ಒಂದೇ ಪ್ರಶ್ನೆಯನ್ನು ಬರೆದು ಕಳುಹಿಸಿದೆವು. ನೆರೆಯ ಯಂತ್ರಗಳೆಲ್ಲ ಪೂರ್ಣವೇಗದಲ್ಲಿ ಹರಿಸುತ್ತಿರುವಾಗಲೂ ನಮಗೆ 100 ಮೆಗಾಬಿಟ್ ದೊರೆಯುತ್ತದೆಯೇ, ಅದನ್ನು ಕರಾರಿನಲ್ಲಿ ಬರೆಯುತ್ತೀರಾ ಎಂದು. ದೊಡ್ಡ ದಾರಿಯಲ್ಲಿ ಅಷ್ಟು ಪಾಲನ್ನು ಮೀಸಲಿಡುತ್ತೇವೆಂದೂ, ಬಾಡಿಗೆ ಅದಕ್ಕಾಗಿ ಸ್ವಲ್ಪ ಹೆಚ್ಚುವುದೆಂದೂ, ಪ್ರವಾಹದ ದಾಳಿಯಾದರೆ ಮಾತ್ರ ಕೆಲಕಾಲ ಸಂಪರ್ಕವನ್ನು ಕಡಿಯುವೆವೆಂದೂ ಉತ್ತರ ಬಂದಿತು. ಯಂತ್ರವಿದ್ದುದು ಬೆಂಗಳೂರಿನಲ್ಲಿ. ಹೆಚ್ಚಿನ ಬಾಡಿಗೆಯನ್ನು ಒಪ್ಪಿಕೊಂಡು ಹುಡುಗರು ಕರಾರಿಗೆ ಸಹಿ ಹಾಕಿದರು. ತಿಂಗಳ ಮೊತ್ತ 1 ಟೆರಾಬೈಟಿನ ಸುತ್ತಮುತ್ತ ಇಳಿದಿದ್ದುದರಿಂದ, ‘ಮೀಟರಿಲ್ಲ’ ಎಂಬ ಮಾತಿಗೆ ಅವರು ತೆತ್ತ ಹಣ ಬಹುಶಃ ಬೇಕಿರಲಿಲ್ಲವೆಂದು ನಮಗೆ ಈಗಲೂ ಅನ್ನಿಸುತ್ತದೆ. ‘ಮೀಸಲು’ ಎಂಬ ಮಾತಿಗೆ ತೆತ್ತ ಹಣದ ವಿಷಯದಲ್ಲಿ ಹಾಗನ್ನಿಸುವುದಿಲ್ಲ.

2025ರ ಮಾರ್ಚಿನಲ್ಲಿ ಭೌತಶಾಸ್ತ್ರ ಪರೀಕ್ಷೆಯ ಹಿಂದಿನ ರಾತ್ರಿ, ಹತ್ತೂವರೆ ಗಂಟೆಗೆ, ಶಿಷ್ಯನು ಸರ್ವರಿನ ಹರಿವಿನ ನಕ್ಷೆಯನ್ನು ನಮ್ಮ ಮೊಬೈಲಿಗೆ ಕಳುಹಿಸಿದನು. ಗೆರೆ 71 ಮೆಗಾಬಿಟ್‌ನಲ್ಲಿ ಹೆಚ್ಚುಕಡಮೆ ಸಮನಾಗಿ ನಿಂತಿತ್ತು. ತಂದೆಯವರು ಹೇಗಿದ್ದಾರೆಂದು ನಾವು ಕೇಳಿದೆವು. ಕಾಲುವೆಯಲ್ಲಿ ವಾರಾಬಂದಿ ನಡೆದಿದೆ, ಆ ರಾತ್ರಿ ಅವರ ಹೊಲದ ಪಾಳಿ, ಟಾರ್ಚು ಹಿಡಿದು ತೂಬಿನ ಹತ್ತಿರ ಹೋಗಿದ್ದಾರೆ ಎಂದು ಉತ್ತರ ಬಂದಿತು. ನೀರು ಬಂದಿತೇ ಎಂದು ಕೇಳಿದುದಕ್ಕೆ ಉತ್ತರ ಬರುವಾಗ ಹನ್ನೆರಡು ಹೊಡೆದಿತ್ತು: “ಈಗ ಬಂತು ಸರ್. ಸಣ್ಣಗೆ ಬರ್ತದ.”